ಡಿಸ್ಚಾರ್ಜ್ ಪೇಪರಿನಲ್ಲಿರುವ ಈ ಪದಗಳ ಅರ್ಥ ಯಾರಾದರೂ ಹೇಳ್ತೀರಾ? (ಕುಡಿತದ ಚಿಕಿತ್ಸೆ)

ಕಡೂರಿನ ತಂಗಿ
ನಮ್ಮಣ್ಣನನ್ನು ಕುಡಿತ ಬಿಡಿಸಲು ಆಸ್ಪತ್ರೆಗೆ ಸೇರಿಸಿದ್ದೆವು. ಮೊನ್ನೆ ಮನೆಗೆ ಕಳಿಸಿದರು. ಪೇಪರಿನಲ್ಲಿ ಏನೇನೋ ಬರೆದಿದ್ದಾರೆ. ನನಗೆ ಓದಲು ಬಂದಷ್ಟನ್ನು ಇಲ್ಲಿ ಹಾಕುತ್ತೇನೆ.

‘ಆಲ್ಕೋಹಾಲ್ ಡಿಪೆಂಡೆನ್ಸ್ ಸಿಂಡ್ರೋಮ್.’ ‘ಕಾಂಪ್ಲಿಕೇಟೆಡ್ ವಿತ್‌ಡ್ರಾವಲ್, ಡಿ.ಟಿ., ರಿಸಾಲ್ವ್ಡ್.’ ‘ಮೋಟಿವೇಶನ್: ಕಂಟೆಂಪ್ಲೇಶನ್.’ ‘ಅಡ್ವೈಸ್: ರಿಲ್ಯಾಪ್ಸ್ ಪ್ರಿವೆನ್ಷನ್.’ ಮಾತ್ರೆ ಎರಡು. ಒಂದು ಥಯಮಿನ್, ಇನ್ನೊಂದು ಲೊರಾಜೆಪಾಮ್. ಎರಡನೆಯದನ್ನು ಸ್ವಲ್ಪ ಸ್ವಲ್ಪ ಕಮ್ಮಿ ಮಾಡಿ ನಿಲ್ಲಿಸಬೇಕಂತೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅಮ್ಮ ಹೇಳೋದು, ಗುಣ ಆಗಿ ಬಂದಿದ್ದಾನೆ, ಇನ್ನು ಮಾತ್ರೆ ಯಾಕೆ, ಆ ನಿದ್ದೆ ಮಾತ್ರೆಯೇ ಇನ್ನೊಂದು ಚಟ ಆಗುತ್ತೆ ಅಂತ. ಮಾವ ಹೇಳೋದು, ಬರೀ ಡಿಪೆಂಡೆನ್ಸ್ ಅಂತ ಇದೆ, ಅಡಿಕ್ಷನ್ ಅಂತ ಎಲ್ಲೂ ಬರೆದಿಲ್ಲ, ಸುಮ್ನೆ ಹೆದರಬೇಡಿ ಅಂತ. ಡಾಕ್ಟರನ್ನು ಮತ್ತೆ ನೋಡೋದು ಮುಂದಿನ ವಾರ. ಅಲ್ಲಿವರೆಗೆ ತಿಳಿದವರು ಹೇಳಿ.

ಹುಬ್ಳಿ ಮಂದಿ
ಮಾವನವರಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ ಹೇಳ್ರಿ. ಡಿಪೆಂಡೆನ್ಸ್ ಅಂತ ಬರೆದರೆ ಅದೇ ದೊಡ್ಡದು. ಅದಕ್ಕಿಂತ ಮೇಲಿನ ಕ್ಲಾಸ್ ಇಲ್ಲ.

ವಾರ್ಡ್ ಸಿಸ್ಟರ್
ನಾನು ಮನೋರೋಗ ವಿಭಾಗದಲ್ಲಿ ಸ್ಟಾಫ್ ನರ್ಸ್. ಡಾಕ್ಟರ್ ಅಲ್ಲ. ಆದರೆ ಇಂಥ ಪೇಪರ್ ದಿನಾ ಕೈಯಲ್ಲಿರುತ್ತೆ.

ಆ ಹೆಸರಿನ ಪಕ್ಕ ಎಫ್ 10 ಅಂತ ಏನಾದರೂ ಇದೆಯಾ ನೋಡಿ. ಅದು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ನಂಬರ್. ಎಫ್ 10 ಅಂದರೆ ಮದ್ಯ. ಎಫ್ 11 ಅಫೀಮು, ಹೆರಾಯಿನ್ ಜಾತಿ. ಎಫ್ 12 ಗಾಂಜಾ, ಎಫ್ 17 ತಂಬಾಕು. ಚುಕ್ಕಿಯ ನಂತರ 1 ಇದ್ದರೆ ‘ಹಾರ್ಮ್‌ಫುಲ್ ಯೂಸ್’, ಅಂದರೆ ಕುಡಿತದಿಂದ ಆರೋಗ್ಯ ಕೆಟ್ಟಿದೆ, ಆದರೆ ಹಿಡಿತ ಪೂರ್ತಿ ತಪ್ಪಿಲ್ಲ. 2 ಇದ್ದರೆ ಡಿಪೆಂಡೆನ್ಸ್. 3 ವಿತ್‌ಡ್ರಾವಲ್, ಅಂದರೆ ಕುಡಿತ ಬಿಟ್ಟಾಗ ಆಗುವ ನಡುಕ, ಬೆವರಿನಂಥ ತೊಂದರೆ. 4 ಅಂದರೆ ವಿತ್‌ಡ್ರಾವಲ್ ಜೊತೆಗೆ ಬುದ್ಧಿ ಭ್ರಮಣೆ. ಡಿ.ಟಿ. ಅಂತ ನಿಮ್ಮ ಪೇಪರಿನಲ್ಲಿ ಇರೋದು ಅದೇ. ಡೆಲಿರಿಯಂ ಟ್ರೆಮೆನ್ಸ್.

ಡಿಪೆಂಡೆನ್ಸ್ ಅಂತ ಬರೆಯಲು ಡಾಕ್ಟರ್ ಆರು ವಿಷಯ ನೋಡುತ್ತಾರೆ. ಕುಡಿಯಲೇಬೇಕು ಅನ್ನುವ ಸೆಳೆತ. ಶುರು ಮಾಡಿದರೆ ನಿಲ್ಲಿಸಲು ಆಗದಿರುವುದು. ಬಿಟ್ಟರೆ ನಡುಕ, ಬೆವರು. ಮೊದಲಿನಷ್ಟು ಕುಡಿದರೆ ಏರದೇ ಇರುವುದು. ಮನೆ, ಕೆಲಸ, ಹಬ್ಬ ಎಲ್ಲಾ ಪಕ್ಕಕ್ಕೆ ಹೋಗಿ ಕುಡಿತವೊಂದೇ ಉಳಿಯುವುದು. ಹಾಳಾಗುತ್ತಿದೆ ಅಂತ ಗೊತ್ತಿದ್ದೂ ಮುಂದುವರಿಸುವುದು. ಒಂದು ವರ್ಷದಲ್ಲಿ ಇವುಗಳಲ್ಲಿ ಮೂರು ಕಂಡರೂ ಸಾಕು. ದಿನಾ ಎಷ್ಟು ಕುಡಿಯುತ್ತಾನೆ ಅನ್ನೋ ಪ್ರಶ್ನೆ ಆ ಪಟ್ಟಿಯಲ್ಲೇ ಇಲ್ಲ, ಗಮನಿಸಿ.

ಇನ್ನು ಮಾತ್ರೆ. ಕುಡಿತ ನರಗಳನ್ನು ಮಂಕು ಮಾಡುತ್ತೆ. ವರ್ಷಗಟ್ಟಲೆ ಕುಡಿದರೆ ಮೆದುಳು ಅದಕ್ಕೆ ಎದುರಾಗಿ ತನ್ನನ್ನು ತಾನೇ ಚುರುಕು ಮಾಡಿಕೊಂಡು ಕೂತಿರುತ್ತೆ. ಒಮ್ಮೆಲೇ ಮದ್ಯ ನಿಂತರೆ ಆ ಚುರುಕು ಮಾತ್ರ ಉಳಿಯುತ್ತೆ. ಅದಕ್ಕೇ ನಡುಕ, ನಿದ್ದೆಯಿಲ್ಲದಿರೋದು, ಕೆಲವರಿಗೆ ಫಿಟ್ಸ್. ಫಿಟ್ಸ್ ಹೆಚ್ಚಾಗಿ ಮೊದಲ ಎರಡು ದಿನದೊಳಗೆ. ಡಿ.ಟಿ. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ. ಲೊರಾಜೆಪಾಮ್ ಆ ಚುರುಕನ್ನು ತಗ್ಗಿಸಿ ಮೆಲ್ಲಗೆ ಇಳಿಸಲು ಕೊಟ್ಟಿದ್ದು. ಬರೆದ ಹಾಗೆ ಇಳಿಸಿ. ನಾಳೆಯಿಂದ ಬೇಡ ಅಂತ ದಿಢೀರ್ ನಿಲ್ಲಿಸಬೇಡಿ.

ಥಯಮಿನ್ ಅಂದರೆ ಬಿ1 ಜೀವಸತ್ವ. ಕುಡಿಯುವವರ ಮೈಯಲ್ಲಿ ಅದು ಖಾಲಿಯಾಗಿರುತ್ತೆ. ತೀರಾ ಕಮ್ಮಿಯಾದರೆ ಕಣ್ಣು ನೇರ ನಿಲ್ಲಲ್ಲ, ನಡಿಗೆ ತೂರಾಡುತ್ತೆ, ನೆನಪಿನ ಶಕ್ತಿ ಹೋಗುತ್ತೆ. ಹೋದ ನೆನಪು ಎಷ್ಟೋ ಜನಕ್ಕೆ ವಾಪಸ್ ಬರಲ್ಲ. ಆ ಮಾತ್ರೆ ತಪ್ಪಿಸಬೇಡಿ.

ಕಡೂರಿನ ತಂಗಿ
ಸಿಸ್ಟರ್, ಹೌದು, ಎಫ್ 10.4 ಅಂತಲೇ ಇದೆ. ಸೇರಿಸಿದ ಮೇಲೆ ಒಂದು ರಾತ್ರಿ ಅಣ್ಣ ಬೆಡ್‌ಶೀಟಿನಿಂದ ಏನನ್ನೋ ಹೆಕ್ಕಿ ಹೆಕ್ಕಿ ನನ್ನ ಕೈಗೆ ಕೊಡುತ್ತಿದ್ದ. ಅಲ್ಲಿ ಏನೂ ಇರಲಿಲ್ಲ. ಆಮೇಲೆ ಎದ್ದು ಕೂತು ಚೀಲ ಎಣಿಸಲು ಶುರು ಮಾಡಿದ. ಅವನು ಕೊಬ್ಬರಿ ಮಂಡಿಯಲ್ಲಿ ಕೆಲಸ ಮಾಡೋದು. ‘ಹದಿನೆಂಟು ಆಯ್ತು, ಲಾರಿ ಹಿಂದಕ್ಕೆ ತಗೋ’ ಅಂತ ನರ್ಸಮ್ಮನಿಗೇ ಹೇಳಿದ. ನಾವೆಲ್ಲ ತಲೆ ಕೆಟ್ಟಿತು ಅಂದುಕೊಂಡೆವು.

ವಾರ್ಡ್ ಸಿಸ್ಟರ್
ಅದು ಡಿ.ಟಿ.ಯಲ್ಲಿ ತುಂಬಾ ಮಾಮೂಲು. ಏನು ಕೆಲಸವೋ ಅದನ್ನೇ ಕೈ ಮಾಡುತ್ತಿರುತ್ತೆ. ಟೈಲರ್ ಆದರೆ ದಾರ ಪೋಣಿಸುತ್ತಾನೆ, ಡ್ರೈವರ್ ಆದರೆ ಮಂಚದ ಮೇಲೇ ಗೇರ್ ಹಾಕುತ್ತಾನೆ. ನಮ್ಮ ವಾರ್ಡಿನಲ್ಲಿ ಒಬ್ಬರು ಇಡೀ ರಾತ್ರಿ ಟಿಕೆಟ್ ಹರಿದು ಚಿಲ್ಲರೆ ಕೊಟ್ಟರು. ಹುಚ್ಚಲ್ಲ ಅದು, ಇಳಿಯುತ್ತೆ. ಆದರೆ ಜೀವಕ್ಕೆ ಅಪಾಯ ಇರುವ ಸ್ಥಿತಿ. ‘ರಿಸಾಲ್ವ್ಡ್’ ಅಂದರೆ ಅದು ಕಳೆದಿದೆ ಅಂತ ಮಾತ್ರ. ಒಮ್ಮೆ ಬಂದವರು ಮತ್ತೆ ಕುಡಿತ ಶುರು ಮಾಡಿ ಮತ್ತೆ ದಿಢೀರ್ ನಿಲ್ಲಿಸಿದರೆ ಪುನಃ ಬರುವ ಸಾಧ್ಯತೆ ಜಾಸ್ತಿ. ಮುಂದೆ ಯಾವ ಆಸ್ಪತ್ರೆಗೆ ಹೋದರೂ ಈ ವಿಷಯವನ್ನೇ ಮೊದಲು ಹೇಳಿ.

ಮಲೆನಾಡ ಮಳೆ
ನಮ್ಮ ಕಡೆ ಇದಕ್ಕೆ ಗಾಳಿ ಸೋಕಿದೆ ಅಂತಾರೆ. ಕುಡಿತ ಬಿಟ್ಟು ಮೂರೇ ದಿನಕ್ಕೆ ಗಾಳಿ ಹಿಡೀತು ನೋಡಿ, ಅದಕ್ಕಿಂತ ಕುಡಿಯೋದೇ ವಾಸಿ ಇತ್ತು ಅಂತ ಅರ್ಧ ಬಾಟ್ಲಿ ಕುಡಿಸಿ ಮಲಗಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಬಿಯರ್ ಭೀಮ
ಇಷ್ಟೆಲ್ಲಾ ಓದಿ ತಲೆ ಬಿಸಿ ಆಯ್ತು. ಒಂದು ಡೌಟು. ಇದೆಲ್ಲಾ ಹಾಟ್ ಡ್ರಿಂಕ್ಸ್ ಹೊಡೆಯೋರಿಗೆ ಅಲ್ವಾ? ನಾನು ಬಿಯರ್ ಮಾತ್ರ. ಅದೂ ವೀಕೆಂಡು, ಎರಡು ಸ್ಟ್ರಾಂಗ್. ಬಾಡಿ ಕೂಲ್ ಆಗುತ್ತೆ.

ಲೆಕ್ಕದ ಮೇಷ್ಟ್ರು
ಭೀಮಣ್ಣ, ಲೆಕ್ಕ ಮಾಡೋಣ. ಸ್ಟ್ರಾಂಗ್ ಬಿಯರ್ ದೊಡ್ಡ ಬಾಟ್ಲಿ 650 ಮಿಲಿ. ಶೇ 8 ಮದ್ಯಸಾರ ಅಂದುಕೊಳ್ಳಿ. 52 ಮಿಲಿ ಆಯ್ತು. ಮದ್ಯಸಾರ ನೀರಿಗಿಂತ ಹಗುರ, ಹಾಗಾಗಿ ತೂಕದಲ್ಲಿ ಸುಮಾರು 41 ಗ್ರಾಂ. ವಿಸ್ಕಿ ಕ್ವಾರ್ಟರ್ 180 ಮಿಲಿ, ಶೇ 42.8. ಅದು 77 ಮಿಲಿ, ಸುಮಾರು 61 ಗ್ರಾಂ.

‘ಸ್ಟ್ಯಾಂಡರ್ಡ್ ಡ್ರಿಂಕ್’ ಅಂತ ಒಂದು ಅಳತೆ ಇದೆ. ಶುದ್ಧ ಮದ್ಯಸಾರ 10 ಗ್ರಾಂ. ಅಂದರೆ ವಿಸ್ಕಿ 30 ಮಿಲಿ ಪೆಗ್ ಒಂದು. ಆ ಲೆಕ್ಕಕ್ಕೆ ಕ್ವಾರ್ಟರ್ ಆರು ಡ್ರಿಂಕ್. ನಿಮ್ಮ ಎರಡು ಸ್ಟ್ರಾಂಗ್ ಬಿಯರು ಎಂಟು ಡ್ರಿಂಕ್. ಕ್ವಾರ್ಟರ್ ಹೊಡೆಯುವವನಿಗಿಂತ ನೀವೇ ಮುಂದೆ.

ಬಿಯರ್ ಭೀಮ
ಮೇಷ್ಟ್ರೇ, ಬಿಯರಿನಲ್ಲಿ ನೀರು ಜಾಸ್ತಿ ಇರುತ್ತೆ. ಅದನ್ನು ಕಳೆಯಲಿಲ್ಲ ನೀವು.

ಲೆಕ್ಕದ ಮೇಷ್ಟ್ರು
ಕಳೆದ ಮೇಲೆ ಉಳಿದದ್ದೇ ಆ 52 ಮಿಲಿ ಮಾರಾಯ.

ಗೆಳೆಯರ ಬಳಗ
ನನ್ನ ರೂಂಮೇಟ್ ಒಬ್ಬ ಇದ್ದ. ಮುಕ್ಕಾಲು ಫುಲ್ ಏರಿಸಿದರೂ ಬೈಕ್ ನೆಟ್ಟಗೆ ಓಡಿಸೋನು. ನಾವೆಲ್ಲಾ ಅವನ ಕೆಪ್ಯಾಸಿಟಿ ನೋಡಿ ಬಾಯಿ ಬಿಡೋದು. ಇದಕ್ಕೂ ಏನಾದರೂ ಹೆಸರಿದೆಯಾ?

ವಾರ್ಡ್ ಸಿಸ್ಟರ್
ಇದೆ. ಟಾಲರೆನ್ಸ್. ಮೇಲೆ ಹೇಳಿದ ಆರರಲ್ಲಿ ನಾಲ್ಕನೆಯದು. ನಮ್ಮಲ್ಲಿ ಅದನ್ನು ಗಂಡಸುತನ ಅಂತ ಹೊಗಳುತ್ತಾರೆ, ವಾರ್ಡಿನಲ್ಲಿ ಅದನ್ನು ರೋಗಲಕ್ಷಣ ಅಂತ ಬರೆಯುತ್ತಾರೆ. ಏರದೇ ಇದ್ದರೂ ಲಿವರಿಗೆ ಹೋಗುವುದು ಅಷ್ಟೇ ಮದ್ಯ. ರೋಗ ಹಳೆಯದಾಗಿ ಲಿವರ್ ಹಾಳಾದ ಮೇಲೆ ಕೆಲವರಿಗೆ ಉಲ್ಟಾ ಆಗುತ್ತೆ. ಒಂದೇ ತೊಂಬತ್ತು ಮಿಲಿಗೆ ಬಿದ್ದುಹೋಗುತ್ತಾರೆ. ಮನೆಯವರು ‘ಈಗ ಕಮ್ಮಿ ಮಾಡಿದ್ದಾನೆ’ ಅಂತ ಖುಷಿಪಡುತ್ತಾರೆ.

‘ಬ್ಲ್ಯಾಕೌಟ್’ ಅನ್ನೋದನ್ನೂ ಜನ ತಪ್ಪು ತಿಳಿಯುತ್ತಾರೆ. ಪ್ರಜ್ಞೆ ತಪ್ಪಿ ಬೀಳೋದಲ್ಲ ಅದು. ಮಾತಾಡಿರುತ್ತಾನೆ, ಊಟ ಮಾಡಿರುತ್ತಾನೆ, ಗಾಡಿ ಓಡಿಸಿರುತ್ತಾನೆ. ಬೆಳಿಗ್ಗೆ ಒಂದೂ ನೆನಪಿರಲ್ಲ. ಮೆದುಳು ಆ ಹೊತ್ತನ್ನು ದಾಖಲೇ ಮಾಡಿರಲ್ಲ. ನಾಟಕ ಆಡ್ತಾನೆ ಅಂತ ಹೆಂಡತಿ ಜಗಳ ಮಾಡುತ್ತಾಳೆ, ಅವನು ನಿಜಕ್ಕೂ ಗೊತ್ತಿಲ್ಲ ಅಂತಾನೆ.

ಜರ್ಸಿ ಕನ್ನಡಿಗ
ಇಲ್ಲಿ ಅಮೆರಿಕದಲ್ಲಿ ಈಗ ‘ಡಿಪೆಂಡೆನ್ಸ್’ ಅಂತ ಬರೆಯಲ್ಲ. 2013ರಲ್ಲಿ ಮನೋವೈದ್ಯರ ಕೈಪಿಡಿಯ ಐದನೇ ಆವೃತ್ತಿ ಬಂತು. ಅದರಲ್ಲಿ ‘ಅಬ್ಯೂಸ್’, ‘ಡಿಪೆಂಡೆನ್ಸ್’ ಎರಡನ್ನೂ ಸೇರಿಸಿ ‘ಯೂಸ್ ಡಿಸಾರ್ಡರ್’ ಅಂತ ಒಂದೇ ಮಾಡಿದರು. ಹನ್ನೊಂದು ಲಕ್ಷಣ. ಎರಡು ಮೂರು ಇದ್ದರೆ ಸೌಮ್ಯ, ನಾಲ್ಕೈದು ಇದ್ದರೆ ಮಧ್ಯಮ, ಆರು ಅಥವಾ ಜಾಸ್ತಿ ಇದ್ದರೆ ತೀವ್ರ. ‘ಅಡಿಕ್ಟ್’, ‘ಆಲ್ಕೋಹಾಲಿಕ್’ ಅಂತ ಇಲ್ಲಿನ ಡಾಕ್ಟರುಗಳು ಆದಷ್ಟು ಬರೆಯಲ್ಲ. ನಾವೂ ಕುಡುಕ ಅನ್ನೋದನ್ನು ಬಿಡಬೇಕು.

ಹುಬ್ಳಿ ಮಂದಿ
ಹೆಸರು ಬದಲಿ ಮಾಡಿದರೆ ಬಾಟ್ಲಿ ಬಿಡ್ತಾನೇನ್ರಿ? ಕುಡುಕನ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಆ ಪದ ಬಿಡು ಅಂತ ಜರ್ಸಿಯಿಂದ ಹೇಳೋದು ಸುಲಭ.

ಇವತ್ತೊಂದು ದಿನ
ಇಬ್ಬರೂ ಜಗಳ ಆಡಬೇಡಿ. ನಾನು ಎಎ ಸದಸ್ಯ. ಆಲ್ಕೋಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಕುಡಿತ ಬಿಡಲು ಒದ್ದಾಡುತ್ತಿದ್ದ ಇಬ್ಬರು ಶುರು ಮಾಡಿದ್ದು, ಒಬ್ಬ ಷೇರು ವ್ಯಾಪಾರದವನು, ಒಬ್ಬ ಡಾಕ್ಟರ್. ನಮ್ಮ ಮೀಟಿಂಗಿನಲ್ಲಿ ಎದ್ದು ನಿಂತು ‘ನಾನು ಆಲ್ಕೋಹಾಲಿಕ್’ ಅಂತಲೇ ಹೇಳುತ್ತೇವೆ. ಬೇರೆಯವರು ಕುಡುಕ ಅಂದರೆ ಬೈಗುಳ. ನಾನೇ ಹೇಳಿಕೊಂಡರೆ ಅದು ನನಗೆ ಕಾವಲು. ವರ್ಷಗಳಿಂದ ಮುಟ್ಟಿಲ್ಲ, ಆದರೂ ‘ಗುಣ ಆಯ್ತು’ ಅನ್ನಲ್ಲ. ‘ಸೋಬರ್’ ಇದ್ದೇನೆ ಅನ್ನುತ್ತೇನೆ. ‘ರಿಕವರಿ’ಯಲ್ಲಿ ಇದ್ದೇನೆ ಅನ್ನುತ್ತೇನೆ.

ತಂಗಿ, ನಿಮ್ಮ ಅಮ್ಮನಿಗೆ ಇದನ್ನೇ ಹೇಳಿ. ಆಸ್ಪತ್ರೆಯಲ್ಲಿ ಆಗಿದ್ದು ‘ಡಿಟಾಕ್ಸ್’. ಮೈಯಿಂದ ವಿಷ ಇಳಿಸುವುದು. ಅದು ಒಂದೆರಡು ವಾರದ ಕೆಲಸ. ಕುಡಿಯದೇ ಬದುಕೋದನ್ನು ಕಲಿಯುವುದು ‘ರಿಹ್ಯಾಬ್’, ಅದು ತಿಂಗಳುಗಳ ಕೆಲಸ, ಮನೆಯಲ್ಲೇ ಇದ್ದುಕೊಂಡೂ ಆಗುತ್ತೆ. ನಮ್ಮಲ್ಲಿ ಎಲ್ಲರೂ ಮೊದಲನೆಯದು ಮುಗಿದ ತಕ್ಷಣ ಸ್ವೀಟ್ ಹಂಚುತ್ತಾರೆ.

ಕಡೂರಿನ ತಂಗಿ
ನಮ್ಮಮ್ಮ ಆಗಲೇ ಬೀರೂರು ಅಂತರಘಟ್ಟಮ್ಮನಿಗೆ ಹರಕೆ ತೀರಿಸಿ ಬಂದರು ಅಣ್ಣ. ಆ ‘ಕಂಟೆಂಪ್ಲೇಶನ್’ ಅಂದರೆ ಏನು? ಧ್ಯಾನ ಮಾಡಿಸಬೇಕಾ?

ವಾರ್ಡ್ ಸಿಸ್ಟರ್
ಅಲ್ಲ 😀 ಎಲ್ಲರೂ ಹಾಗೇ ಕೇಳುತ್ತಾರೆ. ಮನಸ್ಸು ಎಷ್ಟು ತಯಾರಿದೆ ಅನ್ನೋದಕ್ಕೆ ಮೆಟ್ಟಿಲು ಮಾಡಿದ್ದಾರೆ. ‘ನನಗೇನಾಗಿದೆ, ಚೆನ್ನಾಗೇ ಇದ್ದೀನಿ’ ಅನ್ನೋದು ಪ್ರಿ-ಕಂಟೆಂಪ್ಲೇಶನ್. ‘ಬಿಡಬೇಕು ಅನ್ಸುತ್ತೆ, ಆದರೂ ಬಿಡಕ್ಕೆ ಆಗುತ್ತಾ’ ಅನ್ನೋ ಎರಡು ಮನಸ್ಸು ಕಂಟೆಂಪ್ಲೇಶನ್. ಆಮೇಲೆ ತಯಾರಿ, ಆಮೇಲೆ ನಿಜವಾಗಿ ಬಿಡೋದು, ಆಮೇಲೆ ಉಳಿಸಿಕೊಳ್ಳೋದು. ನಿಮ್ಮಣ್ಣ ಇನ್ನೂ ಎರಡನೇ ಮೆಟ್ಟಿಲಲ್ಲಿ ಇದ್ದಾರೆ ಅಂತ ಡಾಕ್ಟರ್ ಬರೆದಿದ್ದಾರೆ. ಮೈ ತಯಾರಾಗಿದೆ, ಮನಸ್ಸು ಆಗಿಲ್ಲ. ಈ ಹೊತ್ತಿನಲ್ಲಿ ದೇವರ ಮುಂದೆ ಕೈಯಲ್ಲಿ ಕರ್ಪೂರ ಇಡಿಸಿ ಆಣೆ ಮಾಡಿಸಬೇಡಿ. ಬಿಟ್ಟರೆ ಏನು ಕಷ್ಟ ಅನ್ಸುತ್ತೆ ಅಂತ ಕೇಳಿ. ಉತ್ತರಕ್ಕೆ ಬೈಯಬೇಡಿ.

ತುಮಕೂರು ಎಕ್ಸ್‌ಪ್ರೆಸ್
ನಮ್ಮಪ್ಪ ಆಣೆ ಮಾಡಿ ಬಿಟ್ಟರು. ಇಪ್ಪತ್ತು ವರ್ಷ ಆಯ್ತು. ಈ ಮೆಟ್ಟಿಲು ಗಿಟ್ಟಿಲು ಏನೂ ಇರಲಿಲ್ಲ.

ಇವತ್ತೊಂದು ದಿನ
ಹಾಗೆ ಬಿಟ್ಟವರು ಇದ್ದಾರೆ, ದೊಡ್ಡದು ಅದು. ಆದರೆ ಆಣೆ ಮುರಿದವರು ‘ಹೇಗೂ ಮುರೀತು’ ಅಂತ ಡಬ್ಬಲ್ ಕುಡಿದಿದ್ದನ್ನೂ ನಾನು ನೋಡಿದ್ದೇನೆ. ಅದಕ್ಕೇ ‘ಲ್ಯಾಪ್ಸ್’ ಬೇರೆ, ‘ರಿಲ್ಯಾಪ್ಸ್’ ಬೇರೆ. ಒಂದು ಸಂಜೆ ಕಾಲು ಜಾರಿದರೆ ಲ್ಯಾಪ್ಸ್, ನಮ್ಮ ಮೀಟಿಂಗಿನಲ್ಲಿ ಸ್ಲಿಪ್ ಅಂತೇವೆ. ಹಳೆಯ ದಾರಿಗೇ ಪೂರ್ತಿ ವಾಪಸ್ ಹೋದರೆ ರಿಲ್ಯಾಪ್ಸ್. ಜಾರಿದ ರಾತ್ರಿಯೇ ಮನೆಯವರು ‘ಎಲ್ಲಾ ಮುಗೀತು, ಸಾಯಿ ಹೋಗು’ ಅಂದರೆ ಮೊದಲನೆಯದು ಎರಡನೆಯದಾಗುತ್ತೆ.

‘ಟ್ರಿಗರ್’ ಅನ್ನೋದನ್ನೂ ತಿಳಿದುಕೊಳ್ಳಿ. ಸೆಳೆತವನ್ನು ಕೆದಕುವ ಹೊತ್ತು, ಜಾಗ, ಜನ. ಎಎಯಲ್ಲಿ ನಾಲ್ಕನ್ನು ಬಾಯಿಪಾಠ ಮಾಡಿಸುತ್ತಾರೆ: ಹಸಿವು, ಸಿಟ್ಟು, ಒಂಟಿತನ, ಸುಸ್ತು. ಸಂಜೆ ಆರಕ್ಕೆ ಹೊಟ್ಟೆ ತುಂಬಿದ್ದರೆ ಅರ್ಧ ಯುದ್ಧ ಗೆದ್ದ ಹಾಗೆ. ಮಂಡಿಯಲ್ಲಿ ಬಟವಾಡೆ ಯಾವತ್ತು? ಆ ದಿನ ಜೊತೆಗೆ ಯಾರಾದರೂ ಇರಲಿ.

ಕಡೂರಿನ ತಂಗಿ
ಶನಿವಾರ. ಸಂಜೆ ದುಡ್ಡು ಕೈಗೆ ಬಂದ ಮೇಲೆ ಎಲ್ಲರೂ ಒಟ್ಟಿಗೇ ಹೋಗೋದು. ಸಾಹುಕಾರರ ಹತ್ತಿರ ಮಾತಾಡಿ ಅತ್ತಿಗೆ ಅಕೌಂಟಿಗೆ ಹಾಕಿಸಿದರೆ ಅಣ್ಣನಿಗೆ ಅವಮಾನ ಆಗುತ್ತಾ?

ಇವತ್ತೊಂದು ದಿನ
ಅವನನ್ನೇ ಕೇಳಿ. ಅವನೇ ಹಾಕಿಸು ಅಂದರೆ ಅವಮಾನ ಇಲ್ಲ. ನನ್ನ ಸಂಬಳ ಮೊದಲ ವರ್ಷ ಪೂರ್ತಿ ಹೆಂಡತಿ ಕೈಗೇ ಹೋಗಿದ್ದು, ನಾನೇ ಹೇಳಿದ್ದು.

ನಿದ್ದೆಗೆಟ್ಟವಳು
ಇಲ್ಲಿ ಕೇಳಬಹುದೋ ಗೊತ್ತಿಲ್ಲ. ನನ್ನ ಗಂಡ ಆಸ್ಪತ್ರೆಗೆ ಬರಲ್ಲ. ಬಸ್ ಸ್ಟ್ಯಾಂಡ್ ಗೋಡೆ ಮೇಲೆಲ್ಲಾ ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ’ ಅಂತ ಇರುತ್ತಲ್ಲ, ಆ ಪುಡಿ ತರಿಸಿ ಸಾರಿಗೆ ಹಾಕೋಣ ಅಂತಿದ್ದೇನೆ. ಪಕ್ಕದ ಮನೆಯವರು ಹಾಕಿದ್ದರಂತೆ, ವಾಂತಿ ಆಗಿ ಆಗಿ ಬಿಟ್ಟರಂತೆ.

ವಾರ್ಡ್ ಸಿಸ್ಟರ್
ಮೇಡಂ, ದಯವಿಟ್ಟು ಬೇಡ. ಆ ಪುಡಿಯಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರಲ್ಲ. ಕುಡಿದರೆ ವಾಂತಿ ಬರುತ್ತೆ ಅಂದರೆ ಅದರಲ್ಲಿ ಡೈಸಲ್ಫಿರಾಮ್ ಇರಬಹುದು. ಅದು ನಿಜವಾದ ಔಷಧಿಯೇ, ಡಾಕ್ಟರುಗಳೂ ಕೊಡುತ್ತಾರೆ. ಮದ್ಯ ಮೈಯಲ್ಲಿ ಕರಗುವಾಗ ಮಧ್ಯದಲ್ಲಿ ಅಸಿಟಾಲ್ಡಿಹೈಡ್ ಅನ್ನುವ ವಿಷ ಆಗುತ್ತೆ. ಸಾಮಾನ್ಯವಾಗಿ ಅದು ಬೇಗ ಹೋಗುತ್ತೆ. ಈ ಮಾತ್ರೆ ಅದನ್ನು ಹೋಗಲು ಬಿಡಲ್ಲ. ಮುಖ ಕೆಂಪಾಗಿ, ಎದೆ ಡವಗುಟ್ಟಿ, ವಾಂತಿಯಾಗಿ, ಬಿ.ಪಿ. ಇಳಿಯುತ್ತೆ. ಹೃದಯದ ತೊಂದರೆ ಇದ್ದವರು ಸತ್ತೇ ಹೋಗಬಹುದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಇರುತ್ತೆ.

ಅದಕ್ಕೇ ಲಿವರ್, ಹೃದಯ ಪರೀಕ್ಷೆ ಮಾಡಿ, ಎಲ್ಲಾ ವಿವರಿಸಿ, ಅವರ ಒಪ್ಪಿಗೆ ತಗೊಂಡೇ ಕೊಡೋದು. ‘ನಾನು ಮಾತ್ರೆ ತಗೊಂಡಿದ್ದೀನಿ, ಇವತ್ತು ಕುಡಿಯೋ ಹಾಗಿಲ್ಲ’ ಅಂತ ಅವರಿಗೆ ಗೊತ್ತಿದ್ದರೆ ತಾನೇ ಅದು ಕೆಲಸ ಮಾಡೋದು? ಸೆಳೆತ ಕಮ್ಮಿ ಮಾಡುವ ಬೇರೆ ಮಾತ್ರೆಗಳೂ ಇವೆ, ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್. ಅವು ಕುಡಿದರೆ ಹೀಗೆ ಹೊಡೆಯಲ್ಲ.

ಅವರು ಬರದಿದ್ದರೆ ನೀವೊಬ್ಬರೇ ಹೋಗಿ. ಮನೆಯವರ ಜೊತೆಗೂ ಮಾತಾಡುತ್ತಾರೆ. ಹೋಗಲು ಆಗದಿದ್ದರೆ ಫೋನ್ ಮಾಡಿ. 14446 ವ್ಯಸನಮುಕ್ತಿ ಸಹಾಯವಾಣಿ, 14416 ಟೆಲಿ ಮಾನಸ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಎರಡೂ ಉಚಿತ. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.

ಬೆಳ್ತಂಗಡಿಯವ
ನಮ್ಮ ಕಡೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರ ಆಗುತ್ತದೆ. ಎಂಟು ದಿವಸ. ಊರಿನ ಸಭಾಭವನದಲ್ಲೇ. ವ್ಯಾಯಾಮ, ಭಜನೆ, ಒಟ್ಟಿಗೆ ಊಟ, ಮನೆಯವರನ್ನೂ ಕರೆಸಿ ಕೂರಿಸುತ್ತಾರೆ. ಮುಗಿದ ಮೇಲೆ ನವಜೀವನ ಸಮಿತಿ ಅಂತ ಮಾಡಿ ಆಗಾಗ ಸೇರುತ್ತಾರೆ. ನಮ್ಮ ಊರಿನಲ್ಲಿ ಹಾಗೆ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಆಸ್ಪತ್ರೆ ಅಂದರೆ ಹೆದರುವವರು ಅಲ್ಲಿಗೆ ಬರುತ್ತಾರೆ ಮಾರಾಯ್ರೆ, ಅದು ಮುಖ್ಯ.

ವಾರ್ಡ್ ಸಿಸ್ಟರ್
ಒಪ್ಪುತ್ತೇನೆ, ಆ ಸಮಿತಿಯ ಭಾಗವೇ ಆಸ್ಪತ್ರೆಗಳಲ್ಲಿ ಸಿಗದೇ ಇರೋದು. ಆದರೆ ಹಿಂದೆ ಫಿಟ್ಸ್ ಅಥವಾ ಡಿ.ಟಿ. ಬಂದವರು ಯಾವ ಶಿಬಿರಕ್ಕೆ ಹೋದರೂ ಮೊದಲು ಡಾಕ್ಟರ್ ಹತ್ತಿರ ತೋರಿಸಿಕೊಂಡು ಹೋಗಬೇಕು.

ರಾಯಚೂರು ಬಿಸಿಲು
ಎಲ್ಲರೂ ಕುಡಿಯುವವನ ತಲೆಯೊಳಗೇ ಹುಡುಕ್ತೀರಿ. ಮಾರುವವರ ಬಗ್ಗೆ ಒಂದು ಮಾತಿಲ್ಲ. 2007ರ ಜುಲೈ 1ಕ್ಕೆ ಸಾರಾಯಿ ನಿಷೇಧ ಆಯ್ತು. ಪ್ಯಾಕೆಟ್ ಹೋಯ್ತು, ಅದರ ಜಾಗಕ್ಕೆ 90 ಮಿಲಿ ಅಗ್ಗದ ವಿಸ್ಕಿ ಬಂತು. ಈಗ ಕಿರಾಣಿ ಅಂಗಡಿಯಲ್ಲೂ ಸಿಗುತ್ತೆ. 2019ರ ಜನವರಿಯಲ್ಲಿ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಹೋದರು, ಮದ್ಯ ನಿಷೇಧ ಮಾಡಿ ಅಂತ. ಏನಾಯ್ತು?

ಲೆಕ್ಕದ ಮೇಷ್ಟ್ರು
ಅದೇ 2019ರಲ್ಲಿ ಕೇಂದ್ರ ಸರ್ಕಾರ, ದಿಲ್ಲಿ ಏಮ್ಸ್ ಸೇರಿ ಮಾಡಿದ ಸಮೀಕ್ಷೆಯ ವರದಿ ಬಂತು. ದೇಶದಲ್ಲಿ ಕುಡಿಯುವವರು ಸುಮಾರು 16 ಕೋಟಿ. ಅವರಲ್ಲಿ 5.7 ಕೋಟಿ ಜನಕ್ಕೆ ಕುಡಿತದಿಂದ ತೊಂದರೆ ಆಗಿ ಸಹಾಯ ಬೇಕಾಗಿದೆ. ಡಿಪೆಂಡೆನ್ಸ್ ಇರುವ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಒಂದು ಚಿಕಿತ್ಸೆ ಸಿಕ್ಕಿದೆ. ನಿಷೇಧ ಬಂದರೂ ಬರದಿದ್ದರೂ ಉಳಿದ 37 ಜನ ಎಲ್ಲಿಗೆ ಹೋಗಬೇಕು ಅನ್ನೋದು ನನ್ನ ಪ್ರಶ್ನೆ.

ಹುಬ್ಳಿ ಮಂದಿ
ಅಬಕಾರಿ ದುಡ್ಡಿನಲ್ಲೇ ಸರ್ಕಾರ ನಡೆಯೋದು. ಒಂದು ಕೈಲಿ ಅಂಗಡಿ ಲೈಸೆನ್ಸು, ಇನ್ನೊಂದು ಕೈಲಿ ಮದ್ಯಪಾನ ಸಂಯಮ ಮಂಡಳಿ.

ಮಾಡರೇಟರ್
ನಿಷೇಧದ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಪದಗಳ ಬಗ್ಗೆ ಮಾತ್ರ.

ಸತ್ಯ ಕಹಿ
ಪದಗಳ ಬಗ್ಗೆಯೇ ಹೇಳುತ್ತೇನೆ. ‘ಎನೇಬ್ಲಿಂಗ್’ ಅಂತ ಒಂದಿದೆ. ಕುಡಿಯಲು ಮನೆಯವರೇ ಅನುಕೂಲ ಮಾಡಿಕೊಡೋದು. ಮೇಲೆ ತಂಗಿ ಎಲ್ಲರ ಮಾತು ಬರೆದರು, ಅತ್ತಿಗೆಯ ಮಾತು ಮಾತ್ರ ಇಲ್ಲ. ಹೆಂಡತಿ ಗಟ್ಟಿ ಇದ್ದರೆ ಗಂಡ ಇಷ್ಟು ದೂರ ಹೋಗುತ್ತಿದ್ದನಾ?

ನಿದ್ದೆಗೆಟ್ಟವಳು
ಬಂದರು ನೋಡಿ. ಸುಮ್ಮನಿದ್ದರೆ ಸಡಿಲ ಬಿಟ್ಟಳು ಅಂತೀರಿ. ಬೈದರೆ ಇವಳ ಕಾಟಕ್ಕೇ ಕುಡೀತಾನೆ ಅಂತೀರಿ.

ಇವತ್ತೊಂದು ದಿನ
ಸತ್ಯ ಕಹಿಯವರೇ, ಪದ ಸರಿ, ಹಾಕಿದ ಜಾಗ ತಪ್ಪು. ನಾನು ಕುಡಿಯುವಾಗ ನನ್ನಮ್ಮ ಆಫೀಸಿಗೆ ಫೋನ್ ಮಾಡಿ ‘ಅವನಿಗೆ ಜ್ವರ’ ಅಂತಿದ್ದರು. ಬಾರಿನ ಸಾಲ ತೀರಿಸುತ್ತಿದ್ದರು. ಎನೇಬ್ಲಿಂಗ್ ಅಂದರೆ ಅದು. ಪ್ರೀತಿಯಿಂದಲೇ ಮಾಡೋದು. ಕುಡಿತದ ಪೆಟ್ಟು ನನಗೆ ತಾಗದ ಹಾಗೆ ಅವರು ಅಡ್ಡ ನಿಂತಿದ್ದರು. ಏಟಿಗೆ ಹೆದರಿ ಸುಮ್ಮನಿರೋ ಹೆಂಡತಿಗೆ ಆ ಪದ ಹಚ್ಚಬೇಡಿ. ಮನೆಯವರಿಗೆ ಅಂತಲೇ ಅಲ್-ಅನಾನ್ ಗುಂಪುಗಳಿವೆ. ಅಲ್ಲಿ ಮೊದಲು ಹೇಳಿಕೊಡೋದೇ ಅವನ ಕುಡಿತಕ್ಕೆ ನೀನು ಕಾರಣ ಅಲ್ಲ ಅಂತ.

ಮಂಗಳೂರು ಅಪ್ಪ
ನನ್ನ ಮಗ ಕಾಲೇಜಿನಲ್ಲಿದ್ದಾನೆ. ಬ್ಯಾಗಿನಲ್ಲಿ ಗಾಂಜಾ ಸಿಕ್ಕಿತು. ಕೇಳಿದರೆ ‘ಪಪ್ಪಾ, ಇದು ಗಿಡ, ಅಡಿಕ್ಷನ್ ಆಗಲ್ಲ’ ಅಂತಾನೆ. ಹೌದಾ? ಪೊಲೀಸರಿಗೆ ಗೊತ್ತಾದರೆ ಅಂತ ಆಸ್ಪತ್ರೆಗೂ ಹೋಗಿಲ್ಲ.

ವಾರ್ಡ್ ಸಿಸ್ಟರ್
ಆಗುತ್ತೆ ಸರ್. ಸೇದುವ ಎಲ್ಲರಿಗೂ ಅಲ್ಲ, ಆದರೆ ಸುಮಾರು ಹತ್ತರಲ್ಲಿ ಒಬ್ಬರಿಗೆ. ಚಿಕ್ಕ ವಯಸ್ಸಿನಲ್ಲಿ ಶುರು ಮಾಡಿದವರಿಗೆ ಇನ್ನೂ ಜಾಸ್ತಿ. ಬಿಟ್ಟಾಗ ಸಿಡಿಮಿಡಿ, ಊಟ ಸೇರದಿರೋದು, ನಿದ್ದೆ ಕೆಡೋದು. ಇಲ್ಲದ ದನಿ ಕೇಳೋದು, ಎಲ್ಲರ ಮೇಲೆ ಅನುಮಾನ, ಇವೇನಾದರೂ ಇದ್ದರೆ ತಡ ಮಾಡಬೇಡಿ.

ನೋವಿನ ಮಾತ್ರೆ, ಹೆರಾಯಿನ್ ತಗೊಳ್ಳೋ ಮಕ್ಕಳ ತಂದೆತಾಯಿ ಓದುತ್ತಿದ್ದರೆ ಇನ್ನೊಂದು ಮಾತು. ಅದನ್ನು ಬಿಟ್ಟಾಗ ಮೂಗು ಸೋರಿ, ಆಕಳಿಕೆ ಬಂದು, ಮೈ ಮುರಿದು, ಭೇದಿಯಾಗಿ ಒದ್ದಾಡುತ್ತಾರೆ. ನೋಡಲು ಭಯ ಆಗುತ್ತೆ, ಆದರೆ ಮದ್ಯದ ಡಿ.ಟಿ.ಯಷ್ಟು ಪ್ರಾಣಾಪಾಯ ಅದರಲ್ಲಿ ಇಲ್ಲ. ಅಪಾಯ ಇರೋದು ಬಿಟ್ಟ ನಂತರ. ಟಾಲರೆನ್ಸ್ ಇಳಿದಿರುತ್ತೆ. ರಿಹ್ಯಾಬಿನಿಂದ ಬಂದು ಹಳೇ ಅಳತೆಯಲ್ಲೇ ಮತ್ತೆ ತಗೊಂಡರೆ ಉಸಿರು ನಿಲ್ಲುತ್ತೆ. ‘ಓವರ್‌ಡೋಸ್’ ಎಷ್ಟೋ ಸಲ ಆಗೋದು ಹೀಗೆ. ಅಂಥವರಿಗೆ ಅಫೀಮು ಜಾತಿಯದೇ ಆದ ಬ್ಯೂಪ್ರೆನಾರ್ಫಿನ್ ಥರದ ಔಷಧಿಯನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೊಡುತ್ತಾರೆ.

ತುಮಕೂರು ಎಕ್ಸ್‌ಪ್ರೆಸ್
ಒಂದು ಬಿಡಿಸಿ ಇನ್ನೊಂದು ಹಿಡಿಸಿದ ಹಾಗೆ ಆಯ್ತಲ್ಲ?

ವಾರ್ಡ್ ಸಿಸ್ಟರ್
ಮೈ ಒಗ್ಗಿಕೊಳ್ಳೋದೇ ಬೇರೆ, ಚಟವೇ ಬೇರೆ. ಕ್ಯಾನ್ಸರ್ ನೋವಿಗೆ ದಿನಾ ಮಾರ್ಫಿನ್ ತಗೊಳ್ಳೋ ಅಜ್ಜಿಗೆ ಮೈ ಒಗ್ಗಿರುತ್ತೆ. ದಿಢೀರ್ ನಿಲ್ಲಿಸಿದರೆ ಅವರಿಗೂ ಆಕಳಿಕೆ, ಮೈಕೈ ನೋವು ಬರುತ್ತೆ. ಹಾಗಂತ ಅವರು ಅದಕ್ಕಾಗಿ ಸರ ಅಡ ಇಟ್ಟಿಲ್ಲ, ಸುಳ್ಳು ಹೇಳಿಲ್ಲ. ಬ್ಯೂಪ್ರೆನಾರ್ಫಿನ್ ತಗೊಂಡು ಆಟೋ ಓಡಿಸಿ ಮಕ್ಕಳನ್ನು ಓದಿಸುತ್ತಿರುವವರು ನಮ್ಮ ಒಪಿಡಿಗೆ ಬರುತ್ತಾರೆ. ಕಡೂರಿನ ಅಮ್ಮನ ಭಯವನ್ನೂ ನಾನು ತಳ್ಳಿಹಾಕಲ್ಲ. ಲೊರಾಜೆಪಾಮ್ ಅನ್ನು ಚೀಟಿ ಮುಗಿದ ಮೇಲೂ ಮೆಡಿಕಲ್ ಶಾಪಿನಲ್ಲಿ ಕೇಳಿ ತಿಂದರೆ ಅದೂ ಚಟ ಆಗುತ್ತೆ. ಮಾತ್ರೆಯ ಸ್ಟ್ರಿಪ್ ಅತ್ತಿಗೆಯವರ ಕೈಯಲ್ಲಿರಲಿ.

ಕರಿಕೋಟು
ಮಂಗಳೂರಿನವರಿಗೆ. ಗಾಂಜಾ ಎನ್‌ಡಿಪಿಎಸ್ ಕಾಯ್ದೆ, 1985ರ (ಮಾದಕ ವಸ್ತುಗಳ ಕಾಯ್ದೆ) ಕೆಳಗೆ ಬರುತ್ತದೆ. ಸೇವನೆಯೂ ಅಪರಾಧ. ಆದರೆ ಅದೇ ಕಾಯ್ದೆಯ 64ಎ ಸೆಕ್ಷನ್ ಓದಿ. ವ್ಯಸನಿ ತಾನಾಗಿಯೇ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿದರೆ ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆ ಪೂರ್ತಿ ಮಾಡಬೇಕು. ಆಸ್ಪತ್ರೆಗೆ ಹೋಗುವುದರಿಂದ ಕೇಸ್ ಆಗುತ್ತದೆ ಎಂಬ ಭಯ ಬೇಡ.

ಇನ್ನೊಂದು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳೂ ಸೇರಿವೆ. ಆದ್ದರಿಂದ ರಿಹ್ಯಾಬ್ ಅಂತ ಬೋರ್ಡ್ ಹಾಕಿದವರ ಹತ್ತಿರ ನೋಂದಣಿ ಪತ್ರ ಕೇಳಿ. ರಾತ್ರಿ ವ್ಯಾನಿನಲ್ಲಿ ಬಂದು ಎತ್ತಿಕೊಂಡು ಹೋಗುತ್ತೇವೆ, ಮೂರು ತಿಂಗಳು ಫೋನ್ ಇಲ್ಲ ಅನ್ನುವವರಿಂದ ದೂರ ಇರಿ. ಕಟ್ಟಿಹಾಕುವುದು, ಹೊಡೆಯುವುದು ಚಿಕಿತ್ಸೆ ಅಲ್ಲ. ಸರಪಳಿ ಹಾಕುವುದನ್ನು ಕಾಯ್ದೆ ನೇರವಾಗಿ ನಿಷೇಧಿಸಿದೆ.

ಗೆಳೆಯರ ಬಳಗ
ಸರ್, ಮೆಡಿಕ್ಲೇಮ್ ಸಿಗುತ್ತಾ ಇದಕ್ಕೆ?

ಕರಿಕೋಟು
ಮಾನಸಿಕ ಕಾಯಿಲೆಗೂ ಬೇರೆ ಕಾಯಿಲೆಯ ಹಾಗೆಯೇ ವಿಮೆ ಕೊಡಬೇಕು ಎಂದು ಆ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಆದರೆ ಪಾಲಿಸಿಯ ಹೊರಗಿಟ್ಟ ಪಟ್ಟಿಯಲ್ಲಿ ಕುಡಿತ ಮತ್ತು ಮಾದಕ ವ್ಯಸನದ ಚಿಕಿತ್ಸೆ ಅಂತ ಒಂದು ಸಾಲು ಇರುವುದು ಮಾಮೂಲು. ನಿಮ್ಮ ಪಾಲಿಸಿ ಪೇಪರ್ ತೆಗೆದು ಆ ಸಾಲು ಹುಡುಕಿ. ಸರ್ಕಾರಿ ಆಸ್ಪತ್ರೆ, ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗ, ಬೆಂಗಳೂರಿನವರಾದರೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ, ಇವುಗಳಲ್ಲಿ ಖರ್ಚು ಕಡಿಮೆ.

ಬಿಯರ್ ಭೀಮ
ಯಾರೋ ಪ್ರೈವೇಟ್ ಮೆಸೇಜಲ್ಲಿ ಆಡಿಟ್ ಅಂತ ಹತ್ತು ಪ್ರಶ್ನೆಯ ಲಿಂಕ್ ಕಳಿಸಿದರು. ವಿಶ್ವ ಆರೋಗ್ಯ ಸಂಸ್ಥೆಯದಂತೆ. ಸುಮ್ನೆ ಟೈಂಪಾಸಿಗೆ ತುಂಬಿದೆ. 13 ಬಂತು. ನೂರಕ್ಕೆ ಅಲ್ವಾ?

ಲೆಕ್ಕದ ಮೇಷ್ಟ್ರು
ನಲವತ್ತಕ್ಕೆ.

ವಾರ್ಡ್ ಸಿಸ್ಟರ್
8 ಅಥವಾ ಜಾಸ್ತಿ ಬಂದರೆ ಅಪಾಯದ ಕುಡಿತ ಅಂತ ಲೆಕ್ಕ. 20 ಅಥವಾ ಜಾಸ್ತಿ ಬಂದರೆ ಡಿಪೆಂಡೆನ್ಸ್ ಇದೆಯಾ ಅಂತ ಡಾಕ್ಟರ್ ನೋಡಲೇಬೇಕು. 13 ಅಂದರೆ ಆಸ್ಪತ್ರೆಗೆ ಸೇರೋ ಹಂತ ಅಲ್ಲ. ಕಮ್ಮಿ ಮಾಡಿಕೊಂಡರೆ ಇಲ್ಲೇ ನಿಲ್ಲುತ್ತೆ. ಒಮ್ಮೆ ಲಿವರ್ ಟೆಸ್ಟ್ ಮಾಡಿಸಿ.

ಬಿಯರ್ ಭೀಮ
ಆರನೇ ಪ್ರಶ್ನೆ ಸರಿ ಇಲ್ಲ. ಬೆಳಿಗ್ಗೆ ಎದ್ದ ಮೇಲೆ ಕುಡೀತೀರಾ ಅಂತ. ಭಾನುವಾರ ನಾನು ಏಳೋದೇ ಹನ್ನೆರಡಕ್ಕೆ. ಅದು ಬೆಳಿಗ್ಗೆ ಲೆಕ್ಕಕ್ಕೆ ಬರುತ್ತಾ?

ಹುಬ್ಳಿ ಮಂದಿ
ಯಪ್ಪಾ, ನೀ ಮೊದಲು ಆ ಲಿವರ್ ಟೆಸ್ಟ್ ಮಾಡಿಸ್ಕೊಂಡು ಬಾ. ಆಮೇಲೆ ಬೆಳಿಗ್ಗೆ ಯಾವುದು, ಮಧ್ಯಾಹ್ನ ಯಾವುದು ನೋಡೋಣಂತ.